ಸೈಟಿಗೆ ಜನ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಸೀರೆ ಯಾಕೆ ಕೊಳ್ಳುವುದಿಲ್ಲ?

ಮಗ್ಗದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್, ಮನೆಯಲ್ಲಿ ಸೀರೆ ನೇಯುತ್ತಾರೆ. ಮೂರು ಮಗ್ಗ ನಮ್ಮವು, ಜೊತೆಗೆ ನಮ್ಮ ಓಣಿಯ ಇನ್ನೂ ಕೆಲವು ಮನೆಗಳ ಸೀರೆಯನ್ನೂ ನಾವೇ ಮಾರುತ್ತೇವೆ. ಮೊದಲು ಎಲ್ಲ ಮಾಲು ವ್ಯಾಪಾರಿಗಳಿಗೇ ಹೋಗುತ್ತಿತ್ತು. ಹೋದ ವರ್ಷ ಸ್ವಂತ ವೆಬ್‌ಸೈಟ್ ಮಾಡಿಸಿದೆವು. ಅದನ್ನು ನೋಡಿಕೊಳ್ಳುವುದು ನಾನು.

ಇನ್‌ಸ್ಟಾಗ್ರಾಮ್‌ನಲ್ಲಿ ಮಗ್ಗದ ರೀಲ್ಸ್ ಹಾಕುತ್ತೇನೆ, ಚೆನ್ನಾಗಿ ಓಡುತ್ತವೆ. ತಿಂಗಳಿಗೆ ಹತ್ತಿರ ಹತ್ತಿರ ಎರಡು ಸಾವಿರ ಜನ ಸೈಟಿಗೆ ಬರುತ್ತಾರೆ. ಆದರೆ ಆರ್ಡರ್ ಹತ್ತು ದಾಟುವುದಿಲ್ಲ. ಸೈಟ್ ಮಾಡಿಕೊಟ್ಟವರು "ಜಾಹೀರಾತಿಗೆ ಇನ್ನೂ ದುಡ್ಡು ಹಾಕಿ" ಅನ್ನುತ್ತಾರೆ. ಪರಿಚಯದವರು "ಬೆಲೆ ಇಳಿಸು" ಅನ್ನುತ್ತಾರೆ. ಸೀರೆಗಳು 2,800ರಿಂದ 9,000 ರೂಪಾಯಿವರೆಗೆ ಇವೆ. ನೇಯುವುದು ನಮ್ಮ ಮಾವನವರು, ಅವರ ಕೂಲಿ ಮುರಿದು ಬೆಲೆ ಇಳಿಸುವ ಮನಸ್ಸು ನನಗಿಲ್ಲ. ಬೇರೆ ಏನು ಮಾಡಬಹುದು, ಗೊತ್ತಿದ್ದವರು ಹೇಳಿ.

ಕೋಡು ಕಾಫಿ

ಬೆಲೆ ಇಳಿಸಬೇಡಿ, ಜಾಹೀರಾತಿಗೂ ಸದ್ಯ ಒಂದು ರೂಪಾಯಿ ಹಾಕಬೇಡಿ. ಈಗ ಬರುತ್ತಿರುವವರು ರೀಲ್ಸ್‌ನಲ್ಲಿ ನಿಮ್ಮ ಮಗ್ಗ ನೋಡಿ ಬಂದವರು, ಸ್ವಲ್ಪವಾದರೂ ಪರಿಚಯ ಇರುವವರು. ಅವರೇ ಕೊಳ್ಳದೆ ಹೋಗುತ್ತಿರುವಾಗ ದುಡ್ಡು ಕೊಟ್ಟು ಅಪರಿಚಿತರನ್ನು ಕರೆತಂದರೆ ಲೆಕ್ಕ ಇನ್ನೂ ಕೆಡುತ್ತದೆ.

ಮೊದಲು ಎಲ್ಲಿ ಬಿಟ್ಟು ಹೋಗುತ್ತಿದ್ದಾರೆ ಅಂತ ನೋಡಿ. ಗೂಗಲ್ ಅನಾಲಿಟಿಕ್ಸ್ ಹಾಕಿಸಿದ್ದೀರಾ? ಅದರಲ್ಲಿ ನಾಲ್ಕು ಲೆಕ್ಕ ಬೇಕು: ಎಷ್ಟು ಜನ ಯಾವುದಾದರೂ ಒಂದು ಸೀರೆಯ ಪುಟ ತೆರೆದರು, ಎಷ್ಟು ಜನ ಕಾರ್ಟ್‌ಗೆ ಹಾಕಿದರು, ಎಷ್ಟು ಜನ ವಿಳಾಸ ತುಂಬುವ ಪುಟಕ್ಕೆ ಬಂದರು, ಎಷ್ಟು ಜನ ದುಡ್ಡು ಕಟ್ಟಿದರು. ಅದರ ಜೊತೆ ಮೈಕ್ರೋಸಾಫ್ಟ್ ಕ್ಲಾರಿಟಿ ಅಂತ ಒಂದಿದೆ, ಉಚಿತ. ಬಂದವರು ಪುಟವನ್ನು ಎಲ್ಲಿವರೆಗೆ ಸರಿಸಿದರು, ಎಲ್ಲಿ ಒತ್ತಿದರು, ಎಲ್ಲಿ ಒತ್ತಿದರೂ ಏನೂ ಆಗದೆ ಸಿಟ್ಟಾಗಿ ಮತ್ತೆ ಮತ್ತೆ ಒತ್ತಿದರು, ಎಲ್ಲ ವಿಡಿಯೊ ಥರ ನೋಡಬಹುದು. ಅದನ್ನು ಬಳಸುತ್ತಿದ್ದೀರಿ ಅಂತ ನಿಮ್ಮ ಪ್ರೈವೆಸಿ ಪುಟದಲ್ಲಿ ಬರೆಯಿರಿ. ಒಂದು ವಾರ ಬಿಟ್ಟು ಇಲ್ಲಿಗೇ ಬಂದು ಹೇಳಿ.

ಧಾರವಾಡದ ಸವಿತಕ್ಕ

ನಾನು ಕೊಳ್ಳುವವಳ ಮಾತು ಹೇಳುತ್ತೇನೆ. ಇಳಕಲ್ ಸೀರೆ ನನ್ನ ಹತ್ತಿರ ಬೇಕಾದಷ್ಟು ಇವೆ, ಆನ್‌ಲೈನ್‌ನಲ್ಲೂ ತರಿಸಿದ್ದೇನೆ. ಹೀಗೆ ಮಾರುವವರ ಸೈಟುಗಳಲ್ಲಿ ನನಗೆ ಬೇಕಾದ ಉತ್ತರ ಸಿಗುವುದೇ ಇಲ್ಲ. ಇದು ಕೈಮಗ್ಗದ್ದಾ ಪವರ್‌ಲೂಮಾ? ಒಡಲು ಕಾಟನ್ನಾ, ಕಾಟನ್-ಸಿಲ್ಕಾ? ಸೆರಗು ನಿಜವಾದ ರೇಷ್ಮೆನಾ ಆರ್ಟ್ ಸಿಲ್ಕಾ (ಕೃತಕ ರೇಷ್ಮೆನಾ)? ಬ್ಲೌಸ್ ಪೀಸ್ ಇದೆಯಾ? ಉದ್ದ ಆರು ಗಜನಾ ಒಂಬತ್ತು ಗಜನಾ? ಮೊದಲ ಸಲ ಒಗೆದಾಗ ಬಣ್ಣ ಬಿಡುತ್ತಾ? ಬರೀ "ಸುಂದರವಾದ ಸಾಂಪ್ರದಾಯಿಕ ಸೀರೆ, ಹಬ್ಬಕ್ಕೆ ಸೂಕ್ತ" ಅಂತ ಬರೆದಿರುತ್ತಾರೆ. ಅದು ನನಗೂ ಗೊತ್ತು.

ಇನ್ನೊಂದು. ಅಂಗಡಿಯಲ್ಲಿ ಸೀರೆ ಬಿಚ್ಚಿ, ಸೆರಗು ಹಾಸಿ, ಹಿಂದೆ ಮುಂದೆ ತಿರುಗಿಸಿ ತೋರಿಸುತ್ತಾರೆ. ಸೈಟಿನಲ್ಲಿ ಮಡಚಿಟ್ಟ ಸೀರೆಯ ಒಂದೇ ಫೋಟೊ ಹಾಕಿದರೆ ನಾಲ್ಕು ಸಾವಿರ ರೂಪಾಯಿ ಕೊಡಲು ಹೇಗೆ ಮನಸ್ಸು ಬರಬೇಕು ಹೇಳಿ. ಟೋಪ ತೆನಿ ಸೆರಗು, ಅಂದರೆ ಇಳಕಲ್‌ನ ಸಾಂಪ್ರದಾಯಿಕ ವಿನ್ಯಾಸದ ಸೆರಗು, ಪೂರ್ತಿ ಕಾಣಬೇಕು. ದಡಿಯ ಅಗಲ ಕಾಣಬೇಕು, ಪಕ್ಕದಲ್ಲಿ ಕೈ ಇಟ್ಟು ತೆಗೆದರೂ ಸಾಕು. ಒಡಲು ಸೆರಗು ಕೂಡುವ ಜಾಗದ ಹತ್ತಿರದ ಫೋಟೊ ಬೇಕೇ ಬೇಕು. ಎರಡರ ಹಾಸನ್ನು (ಉದ್ದದ ಎಳೆಗಳನ್ನು) ಬೇರೆ ಬೇರೆ ತಯಾರಿಸಿ ಕುಣಿಕೆ ಹಾಕಿ ಸೇರಿಸುವುದಲ್ವಾ ನಿಮ್ಮೂರಿನ ಕಸುಬು? ಗೊತ್ತಿದ್ದವರು ಆ ಕೂಡಿಕೆಯನ್ನೇ ಮೊದಲು ನೋಡುತ್ತಾರೆ.

ಆಮೇಲೆ ಹೊರಗಿನ ಬೆಳಕಿನಲ್ಲಿ ಒಂದು ಸಣ್ಣ ವಿಡಿಯೊ. ಯಾರಾದರೂ ಉಟ್ಟಿರಬೇಕು. ಮಾಡೆಲ್ ಬೇಡ, ನಿಮ್ಮ ಮನೆಯವರೇ ಉಡಲಿ.

ಬೆಳೆಸೋಣ_ಬಾ

ಸ್ನೇಹಿತರೆ, ಇವೆಲ್ಲ ನಿಧಾನದ ಕೆಲಸ. ಕೂಡಲೇ ಫಲ ಬೇಕಾದರೆ ಮೂರು ಕೆಲಸ ಮಾಡಿ. ಪುಟ ತೆರೆದ ತಕ್ಷಣ 10% ರಿಯಾಯಿತಿಯ ಪಾಪ್‌ಅಪ್. ಪ್ರತಿ ಸೀರೆಯ ಕೆಳಗೆ "ಆಫರ್ ಮುಗಿಯಲು ಇನ್ನು 15 ನಿಮಿಷ" ಅಂತ ಟೈಮರ್. "ಈಗ 23 ಜನ ಇದನ್ನು ನೋಡುತ್ತಿದ್ದಾರೆ, ಎರಡೇ ಉಳಿದಿವೆ" ಅಂತ ಒಂದು ಸಾಲು. ಇದಕ್ಕೆಲ್ಲ ಪ್ಲಗ್‌ಇನ್ ಸಿಗುತ್ತವೆ. ದೊಡ್ಡವರೆಲ್ಲ ಇದನ್ನೇ ಮಾಡುತ್ತಾರೆ, ಕೆಲಸ ಮಾಡುತ್ತದೆ ಅಂತಲೇ ಮಾಡುತ್ತಾರೆ.

ಗ್ರಾಹಕ ಕಟ್ಟೆ

ಇದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದರೆ ಗಿರಾಕಿಯನ್ನು ದಾರಿ ತಪ್ಪಿಸುವ ಸೈಟ್ ವಿನ್ಯಾಸ, ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಯ ಮೋಸ ಪಟ್ಟಿ ಮಾಡಿದ್ದಾರೆ, ಮೊದಲನೆಯದೇ ಸುಳ್ಳು ಅವಸರ ಹುಟ್ಟಿಸುವುದು. ಇಲ್ಲದ ಬೇಡಿಕೆ ತೋರಿಸುವುದು, ಮುಗಿಯದ ಆಫರ್ ಮುಗಿಯುತ್ತದೆ ಎನ್ನುವುದು, ಎಲ್ಲ ಅದರೊಳಗೆ ಬರುತ್ತದೆ. ಕೇಳದೆ ಕಾರ್ಟ್‌ಗೆ ಇನ್ನೊಂದು ವಸ್ತು ಸೇರಿಸುವುದು, ಬೆಲೆಯನ್ನು ಕೊನೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಚ್ಚುವುದು ಕೂಡ ಆ ಪಟ್ಟಿಯಲ್ಲಿವೆ. ಸಣ್ಣವರಿಗೆ ವಿನಾಯಿತಿ ಇಲ್ಲ.

ಕಾನೂನು ಪಕ್ಕಕ್ಕಿಡಿ. ಕೈಮಗ್ಗದ ಸೀರೆಗೆ ಈ ಸುಳ್ಳಿನ ಅಗತ್ಯವೇ ಇಲ್ಲ. ಆ ಬಣ್ಣ, ಆ ದಡಿ, ಆ ಸೆರಗಿನ ಸೀರೆ ಎಷ್ಟೋ ಸಲ ಒಂದೇ ಇರುತ್ತದೆ. ಹಾಗಿದ್ದಾಗ "ಈ ಸೀರೆ ಒಂದೇ ಇದೆ. ಇದೇ ಬಗೆಯದು ಬೇಕಾದರೆ ನೇಯ್ದು ಕೊಡಲು ಇಷ್ಟು ದಿನ ಬೇಕು" ಅಂತ ಬರೆಯಿರಿ. ನಿಜವನ್ನೇ ಬರೆದಂತಾಯಿತು, ಮುಂಗಡ ಆರ್ಡರ್‌ಗೂ ದಾರಿಯಾಯಿತು. ಸುಳ್ಳು ಟೈಮರ್ ಇರುವ ಪುಟವನ್ನು ಜನ ಮರುದಿನ ಮತ್ತೆ ತೆರೆದಾಗ ಅದೇ 15 ನಿಮಿಷ ಓಡುತ್ತಿದ್ದರೆ, ನೀವು ಬರೆದಿರುವ "ಶುದ್ಧ ರೇಷ್ಮೆ" ಮಾತನ್ನೂ ನಂಬುವುದಿಲ್ಲ.

ಬೆಳೆಸೋಣ_ಬಾ

ಟೈಮರ್ ವಿಷಯ ಒಪ್ಪಿದೆ, ಆ ಮಾರ್ಗಸೂಚಿಯನ್ನು ಈಗಲೇ ಓದಿದೆ. ಆದರೆ ರಿಯಾಯಿತಿ ಕೊಡುವುದರಲ್ಲಿ ತಪ್ಪೇನಿದೆ?

ಗ್ರಾಹಕ ಕಟ್ಟೆ

ತಪ್ಪಿಲ್ಲ, ಆದರೆ ಇಲ್ಲಿ ಆ ದುಡ್ಡು ನೇಕಾರರ ಕೈಯಿಂದ ಹೋಗುತ್ತದೆ. ಬಂದ ತಕ್ಷಣ 10% ಬಿಟ್ಟುಕೊಟ್ಟರೆ ಪೂರ್ತಿ ಬೆಲೆ ಕೊಡಲು ತಯಾರಿದ್ದವರಿಗೂ ಬಿಟ್ಟುಕೊಟ್ಟ ಹಾಗೆ ಆಯಿತು. ಬೇಕಾದರೆ ಸೀರೆಯ ಜೊತೆ ಗುಳೇದಗುಡ್ಡದ ಖಣ ಸೇರಿಸಿ ಒಟ್ಟಿಗೆ ಒಂದು ಬೆಲೆ ಇಡಲಿ. ಇಳಕಲ್ ಸೀರೆಗೆ ಖಣದ ಕುಪ್ಪಸ ಹೇಗೂ ಹುಡುಕುತ್ತಾರೆ.

ಮಗ್ಗದಮನೆ

ಎಲ್ಲರಿಗೂ ಧನ್ಯವಾದ. ವಾರದ ಲೆಕ್ಕ ಇಲ್ಲಿದೆ. ಸುಮಾರು 500 ಜನ ಬಂದಿದ್ದಾರೆ. ಸೀರೆಯ ಪುಟ ತೆರೆದವರು 150ರ ಆಸುಪಾಸು. ಕಾರ್ಟ್‌ಗೆ ಹಾಕಿದವರು 15. ವಿಳಾಸದ ಪುಟಕ್ಕೆ ಹೋದವರು 10. ದುಡ್ಡು ಕಟ್ಟಿದವರು ಇಬ್ಬರು.

ಕ್ಲಾರಿಟಿಯ ವಿಡಿಯೊ ನೋಡಿದೆ. ಬಹಳ ಜನ ಮುಖಪುಟದಲ್ಲಿ ಮೇಲೆ ಕೆಳಗೆ ಸರಿಸಿ, ಏನೋ ಹುಡುಕಿ, ಹೋಗಿಬಿಡುತ್ತಾರೆ. ಕಾರ್ಟ್‌ಗೆ ಹಾಕಿದವರಲ್ಲಿ ಕೆಲವರು ಖಾತೆ ತೆರೆಯುವ ಪುಟದಲ್ಲಿ ನಿಂತಿದ್ದಾರೆ, ಕೆಲವರು ಡೆಲಿವರಿ ಶುಲ್ಕ 150 ರೂಪಾಯಿ ಕಾಣಿಸಿದಲ್ಲಿ. ಒಬ್ಬರು ಯುಪಿಐ ಒತ್ತಿ ಒತ್ತಿ ಬಿಟ್ಟಿದ್ದಾರೆ.

ಕೋಡು ಕಾಫಿ

ಬಹಳ ಒಳ್ಳೆಯ ಲೆಕ್ಕ ಇದು. ಇನ್ನು ಊಹೆ ಮಾಡುವ ಅಗತ್ಯ ಇಲ್ಲ.

500ರಲ್ಲಿ 350 ಜನ ಒಂದು ಸೀರೆಯನ್ನೂ ತೆರೆದು ನೋಡಿಲ್ಲ. ನಿಮ್ಮ ಇನ್‌ಸ್ಟಾಗ್ರಾಮ್ ಬಯೋದಲ್ಲಿರುವ ಕೊಂಡಿ ಮುಖಪುಟಕ್ಕೆ ಹೋಗುತ್ತದೆ ಅಲ್ವಾ? ರೀಲ್‌ನಲ್ಲಿ ಗಿಳಿಹಸಿರು ಸೀರೆ ನೋಡಿದವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಮುಖಪುಟದಲ್ಲಿ ಅವರಿಗೆ ಸಿಗುವುದು ತಾನಾಗೇ ಓಡುವ ದೊಡ್ಡ ಬ್ಯಾನರ್, "ನಮ್ಮ ಪರಂಪರೆ", "ನಮ್ಮ ಗುರಿ". ಸೀರೆ ಸಿಗುವುದಿಲ್ಲ. "ರೀಲ್ಸ್‌ನಲ್ಲಿ ಕಂಡ ಸೀರೆಗಳು" ಅಂತ ಒಂದು ಪುಟ ಮಾಡಿ, ಹೊಸ ರೀಲ್‌ನ ಸೀರೆ ಮೊದಲು ಇರಲಿ, ಬಯೋದ ಕೊಂಡಿ ಅಲ್ಲಿಗೇ ಹೋಗಲಿ. ಆ ಸೀರೆ ಮಾರಿಹೋಗಿದ್ದರೂ ಪುಟ ತೆಗೆಯಬೇಡಿ. "ಮಾರಾಟವಾಗಿದೆ, ಇಂಥದೇ ಬೇಕಾದರೆ ತಿಳಿಸಿ" ಅಂತ ವಾಟ್ಸಾಪ್ ಬಟನ್ ಇಡಿ. ನನ್ನ ಅಂದಾಜಿನಲ್ಲಿ ನಿಮಗೆ ಅತಿ ಹೆಚ್ಚು ಲಾಭ ಆಗುವುದು ಇದೊಂದರಿಂದಲೇ.

ಪುಟ ತೆರೆಯಲು ಎಷ್ಟು ಹೊತ್ತು ಆಗುತ್ತದೆ ಅನ್ನುವುದನ್ನೂ ನೋಡಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೀರೆಯ ಪುಟದ ವಿಳಾಸ ಹಾಕಿ, ಮೊಬೈಲ್ ಲೆಕ್ಕ ನೋಡಿ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಗೆರೆ. ಫೋನಿನಲ್ಲಿ ತೆಗೆದ ಫೋಟೊವನ್ನು ಹಾಗೇ ಏರಿಸಿದ್ದರೆ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಮಾದರಿಗೆ ಬದಲಾಯಿಸಿದರೆ ಇನ್ನೂರು ಕೆಬಿ ಆಚೀಚೆ ಬರುತ್ತದೆ, ನೇಯ್ಗೆಯ ಎಳೆ ಆಗಲೂ ಕಾಣುತ್ತದೆ. ಸವಿತಕ್ಕ ಹೇಳಿದಷ್ಟು ಫೋಟೊ ಹಾಕಬೇಕಾದರೆ ಇದನ್ನು ಮಾಡಲೇಬೇಕು.

ಖಾತೆ ತೆರೆಯುವ ಒತ್ತಾಯ ಇವತ್ತೇ ತೆಗೆಸಿ. ಜೇರೆಡ್ ಸ್ಪೂಲ್ ಅನ್ನುವ ಅಮೆರಿಕದ ವಿನ್ಯಾಸ ತಜ್ಞ 2009ರಲ್ಲಿ ಒಂದು ದೊಡ್ಡ ಅಂಗಡಿ ಸೈಟಿನ ಕಥೆ ಬರೆದಿದ್ದರು. "ನೋಂದಣಿ" ಬಟನ್ ತೆಗೆದು "ಮುಂದುವರಿಯಿರಿ" ಅಂತ ಇಟ್ಟು, ಖಾತೆ ಬೇಕಿಲ್ಲ ಅಂತ ಒಂದು ಸಾಲು ಬರೆದರು, ಅಷ್ಟೇ. ಕೊಂಡು ಮುಗಿಸುವವರ ಸಂಖ್ಯೆ 45% ಏರಿತು. ನಿಮಗೆ ಬೇಕಾಗಿರುವುದು ಹೆಸರು, ಫೋನ್, ವಿಳಾಸ, ಪಿನ್‌ಕೋಡ್. ಪಿನ್‌ಕೋಡ್ ಹಾಕಿದರೆ ಜಿಲ್ಲೆ, ರಾಜ್ಯ ತಾನಾಗೇ ತುಂಬಬೇಕು.

ಡೆಲಿವರಿ ಶುಲ್ಕವನ್ನು ಬೆಲೆಯೊಳಗೇ ಸೇರಿಸಿ. ಡೆನ್ಮಾರ್ಕ್‌ನ ಬೇಮಾರ್ಡ್ ಸಂಸ್ಥೆ ವರ್ಷಗಳಿಂದ ಈ ಲೆಕ್ಕ ಇಡುತ್ತಿದೆ. ಕಾರ್ಟ್ ತುಂಬಿದ ಹತ್ತರಲ್ಲಿ ಸುಮಾರು ಏಳು ಕಾರ್ಟ್ ಹಾಗೇ ಉಳಿಯುತ್ತವೆ, ಜನ ಹೇಳುವ ಕಾರಣಗಳಲ್ಲಿ ಮೊದಲನೆಯದು ಕೊನೆಯಲ್ಲಿ ಸೇರುವ ಹೆಚ್ಚಿನ ಖರ್ಚು. 3,200ರ ಸೀರೆಯನ್ನು "3,350, ಭಾರತದೊಳಗೆ ಎಲ್ಲಿಗಾದರೂ ಕಳಿಸುವ ಖರ್ಚು ಸೇರಿ" ಅಂತ ಬರೆಯಿರಿ.

ಯುಪಿಐ ವಿಷಯ. ಆ್ಯಪ್‌ನೊಳಗೇ ತೆರೆಯುವ ಬ್ರೌಸರ್‌ಗಳಲ್ಲಿ ಕೆಲವೊಮ್ಮೆ ಯುಪಿಐ ಆ್ಯಪ್‌ಗೆ ಹೋಗುವ ದಾರಿ ಕೆಲಸ ಮಾಡುವುದಿಲ್ಲ. ನಿಮ್ಮ ಗಿರಾಕಿಗಳು ಹೆಚ್ಚಿನವರು ಹಾಗೇ, ಇನ್‌ಸ್ಟಾಗ್ರಾಮ್ ಒಳಗಿಂದಲೇ ಬರುವುದು. ನೀವೇ ರೀಲ್‌ನಿಂದ ಶುರು ಮಾಡಿ, ಕೊನೆವರೆಗೆ ನಿಜವಾದ ದುಡ್ಡು ಕಟ್ಟಿ, ಒಂದು ಆರ್ಡರ್ ಹಾಕಿ ನೋಡಿ. ಆಂಡ್ರಾಯ್ಡ್‌ನಲ್ಲಿ ಒಮ್ಮೆ, ಐಫೋನ್‌ನಲ್ಲಿ ಒಮ್ಮೆ, ವೈಫೈ ಇಲ್ಲದೆ. ಅಲ್ಲಿ ಕೈಕೊಟ್ಟರೆ "ಕ್ರೋಮ್‌ನಲ್ಲಿ ತೆರೆಯಿರಿ" ಅಂತ ಒಂದು ಬಟನ್ ಹಾಕಿಸಿ, ಜೊತೆಗೆ ಕ್ಯೂಆರ್ ಕೂಡ ಇರಲಿ.

ಅಂಕಿ ಸಂಖ್ಯೆ

ಒಂದೊಂದು ಬದಲಾವಣೆಯನ್ನೂ ಎ/ಬಿ ಪರೀಕ್ಷೆ ಮಾಡಿ ನೋಡಬಹುದಲ್ಲ? ಅರ್ಧ ಜನಕ್ಕೆ ಹಳೆಯ ಪುಟ, ಅರ್ಧ ಜನಕ್ಕೆ ಹೊಸದು ಅಂತ ಯಾರಾದರೂ ಹೇಳುವ ಮೊದಲು ನಾನೇ ಬರೆಯುತ್ತೇನೆ: ಬೇಡ. ನೂರಕ್ಕೆ ಒಂದು ಆರ್ಡರ್ ಬರುವುದು ಒಂದೂವರೆ ಆಯಿತು ಅಂತ ಭರವಸೆಯಿಂದ ಹೇಳಬೇಕಾದರೆ, ಸಾಮಾನ್ಯ ಲೆಕ್ಕದ ಪ್ರಕಾರ ಒಂದೊಂದು ಕಡೆಗೂ ಸುಮಾರು 7,700 ಜನ ಬೇಕು. ತಿಂಗಳಿಗೆ ಎರಡು ಸಾವಿರ ಬರುವ ಸೈಟಿನಲ್ಲಿ ಇದಕ್ಕೆ ಏಳೆಂಟು ತಿಂಗಳು ಆಗುತ್ತದೆ. ಕಣ್ಣಿಗೆ ಕಾಣುವ ತೊಂದರೆಗಳನ್ನು ಸುಮ್ನೆ ಸರಿಮಾಡಿ. ಆರ್ಡರ್ ಸಂಖ್ಯೆಗಿಂತ ಸೀರೆ ಪುಟ ತೆರೆದವರ, ಕಾರ್ಟ್‌ಗೆ ಹಾಕಿದವರ ಸಂಖ್ಯೆ ನೋಡಿ. ಅವು ದೊಡ್ಡ ಅಂಕಿ, ಬದಲಾದರೆ ಬೇಗ ತಿಳಿಯುತ್ತದೆ. ಹಬ್ಬದ ತಿಂಗಳನ್ನು ಆಷಾಢದ ಜೊತೆ ಹೋಲಿಸಬೇಡಿ, ಹೋದ ವರ್ಷದ ಅದೇ ಹಬ್ಬದ ಜೊತೆ ನೋಡಿ.

ಧಾರವಾಡದ ಸವಿತಕ್ಕ

ಒಂದು ಬಿಟ್ಟುಹೋಯಿತು. ನಾನು ಸೀರೆ ಇಷ್ಟವಾದರೆ ತಕ್ಷಣ ಕೊಳ್ಳುವುದಿಲ್ಲ. ತಂಗಿಗೆ, ನಮ್ಮ ವೈನಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ, "ಇದು ಹೆಂಗಿದೆ ನೋಡು" ಅಂತ. ಹೆಂಗಸರು ಬಹಳ ಮಂದಿ ಹೀಗೇ ಮಾಡುವುದು. ಎಷ್ಟೋ ಸೈಟುಗಳ ಕೊಂಡಿ ಕಳಿಸಿದರೆ ಬರೀ ಲೋಗೊ ಕಾಣುತ್ತದೆ, ಸೀರೆಯೇ ಕಾಣುವುದಿಲ್ಲ. ಕೊನೆಗೆ ಸ್ಕ್ರೀನ್‌ಶಾಟ್ ಕಳಿಸುತ್ತೇನೆ, ಅದರಿಂದ ಯಾರೂ ನಿಮ್ಮ ಸೈಟಿಗೆ ವಾಪಸ್ ಬರಲು ಆಗುವುದಿಲ್ಲ.

ಕೋಡು ಕಾಫಿ

ಅಕ್ಕಾ, ಇದು ನನಗೆ ಹೊಳೆದಿರಲಿಲ್ಲ. ಕೊಂಡಿ ಕಳಿಸಿದಾಗ ಏನು ಕಾಣಬೇಕು ಅಂತ ಹೇಳುವ ಓಪನ್ ಗ್ರಾಫ್ ಅನ್ನುವ ಟ್ಯಾಗ್‌ನಲ್ಲಿ ಪ್ರತಿ ಸೀರೆಯ ಚಿತ್ರ, ಹೆಸರು, ಬೆಲೆ ಹಾಕಿದರೆ ವಾಟ್ಸಾಪ್‌ನಲ್ಲಿ ಸರಿಯಾಗಿ ಕಾಣುತ್ತದೆ. ಸೈಟ್ ಮಾಡಿಕೊಟ್ಟವರಿಗೆ ಅರ್ಧ ಗಂಟೆಯ ಕೆಲಸ. "ವಾಟ್ಸಾಪ್‌ನಲ್ಲಿ ಕಳಿಸಿ" ಬಟನ್ ಕೂಡ ಕಾರ್ಟ್ ಬಟನ್ ಪಕ್ಕದಲ್ಲೇ ಇರಲಿ.

ನ್ಯೂಜೆರ್ಸಿ ಕನ್ನಡತಿ

ನಾವೂ ಗಿರಾಕಿಗಳೇ, ಮರೆಯಬೇಡಿ. ಇಲ್ಲಿ ಯುಗಾದಿ, ರಾಜ್ಯೋತ್ಸವಕ್ಕೆ ಇಳಕಲ್ ಸೀರೆ ಉಡುವ ಆಸೆ ಬಹಳ ಜನಕ್ಕಿದೆ. ನಾನು ನೋಡಿದ ಸಣ್ಣ ಸೈಟುಗಳಲ್ಲಿ ಮೂರು ತೊಡಕು. ಇಲ್ಲಿನ ಕಾರ್ಡ್ ಓಡುವುದಿಲ್ಲ. ಫೋನ್ ಜಾಗದಲ್ಲಿ ಭಾರತದ ಹತ್ತು ಅಂಕಿ ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ. ಕಳಿಸುವ ಖರ್ಚು ಎಷ್ಟು, ಸುಂಕ ಯಾರು ಕಟ್ಟಬೇಕು ಅಂತ ಎಲ್ಲೂ ಇರುವುದಿಲ್ಲ.

ಮೊದಲು 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿದೆ. ಸೀರೆಯೂ ಅದರೊಳಗೆ ಬರುತ್ತದೆ. ಪಾರ್ಸೆಲ್ ಬಾಗಿಲಿಗೆ ಬಂದಾಗ ಇನ್ನಷ್ಟು ಕಟ್ಟಿ ಅಂದರೆ ಬೇಜಾರಾಗುತ್ತದೆ. ಮೊದಲೇ ಸೇರಿಸಿ ಹೇಳಿದರೆ ಕೊಡಲು ನಾವು ತಯಾರಿದ್ದೇವೆ.

ಖಾರದಪುಡಿ ಅಂಗಡಿ

ಹೊರದೇಶದ ಕಾರ್ಡ್ ಬೇಕಾದರೆ, ಸೈಟಿನಲ್ಲಿ ದುಡ್ಡು ಕಟ್ಟಿಸಿಕೊಡುವ ಪೇಮೆಂಟ್ ಗೇಟ್‌ವೇಯವರಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಿ ತೆರೆಸಿಕೊಳ್ಳಬೇಕು, ತಾನಾಗೇ ಬರುವುದಿಲ್ಲ. ಕಳಿಸಲು ಐಇಸಿ (ಆಮದು-ರಫ್ತಿನ ನೋಂದಣಿ) ಸಂಖ್ಯೆಯೂ ಬೇಕಾಗುತ್ತದೆ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಆದರೆ ಮೊದಲು ಇಲ್ಲಿಯದು ಸರಿಹೋಗಲಿ. ಮಹಾರಾಷ್ಟ್ರದ ಹೆಣ್ಣುಮಕ್ಕಳು ಇಳಕಲ್ ಸೀರೆಗೆ ಹಳೆಯ ಗಿರಾಕಿಗಳು, ಅವರಿಗೆ ಮರಾಠಿಯಲ್ಲಿ ಒಂದು ಪುಟ ಮಾಡಿದರೆ ಅಮೆರಿಕಕ್ಕಿಂತ ಬೇಗ ಆರ್ಡರ್ ಬರುತ್ತದೆ.

ಕ್ಯಾಷ್ ಆನ್ ಡೆಲಿವರಿ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ತೆರೆದರೆ ಆರ್ಡರ್ ಏರುತ್ತದೆ, ಆದರೆ ಬಾಗಿಲಲ್ಲಿ ಬೇಡ ಅಂದವರ ಪಾರ್ಸೆಲ್ ಎರಡೂ ಕಡೆಯ ಖರ್ಚು ನಿಮ್ಮ ಮೇಲೆ ಹಾಕಿಕೊಂಡು ವಾಪಸ್ ಬರುತ್ತದೆ. ಸೀರೆಯ ಬೆಲೆಗೆ ಅದು ಭಾರ, ಒಂದೇ ಇರುವ ಸೀರೆ ಹತ್ತು ಹದಿನೈದು ದಿನ ದಾರಿಯಲ್ಲೇ ಸಿಕ್ಕಿಕೊಂಡಿರುತ್ತದೆ. 300 ರೂಪಾಯಿ ಮೊದಲು ಯುಪಿಐನಲ್ಲಿ ತೆಗೆದುಕೊಂಡು ಉಳಿದದ್ದು ಬಾಗಿಲಲ್ಲಿ ಕೊಡಲಿ. ಕಳಿಸುವ ಮೊದಲು ಒಂದು ಫೋನ್ ಮಾಡಿ. ಫೋನ್ ಎತ್ತಿ ಮಾತಾಡಿದವರು ಸಾಮಾನ್ಯವಾಗಿ ವಾಪಸ್ ಕಳಿಸುವುದಿಲ್ಲ.

ಕೊಂಡವರ ನಂಬರ್ ಜೋಪಾನ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಹಾಕಬಹುದು, ಆದರೆ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ಪಾರ್ಸೆಲ್‌ನಲ್ಲಿ ಚೀಟಿ ಇಟ್ಟು ನಂಬರ್ ಉಳಿಸಿಕೊಳ್ಳಲು ಕೇಳಿ. ಒಪ್ಪಿದವರಿಗೆ ಮಾತ್ರ ಕಳಿಸಿ, ಹಬ್ಬಕ್ಕೊಮ್ಮೆ ಸಾಕು.

ಗ್ರಾಹಕ ಕಟ್ಟೆ

ನಂಬಿಕೆಗೆ ಬೇಕಾದ ಮುಖ್ಯ ವಿಷಯ ಇನ್ನೂ ಬಾಕಿ ಇದೆ. ನಿಮ್ಮ ಹೆಸರು, ಇಳಕಲ್‌ನ ಪೂರ್ತಿ ವಿಳಾಸ, ಫೋನ್ ಸೈಟಿನ ಪ್ರತಿ ಪುಟದ ಕೆಳಗೂ ಇರಲಿ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಇವು ಇರಲೇಬೇಕು, ದೂರು ಯಾರಿಗೆ ಹೇಳಬೇಕು ಅನ್ನುವುದೂ ಸೇರಿ. ಕೈಮಗ್ಗದ್ದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್, ಶುದ್ಧ ರೇಷ್ಮೆಯದಕ್ಕೆ ಸಿಲ್ಕ್ ಮಾರ್ಕ್ ಇದ್ದರೆ ಆ ಚೀಟಿ ಸೀರೆಯ ಜೊತೆ ಕಾಣುವ ಹಾಗೆ ಫೋಟೊ ಹಾಕಿ. ಆರ್ಟ್ ಸಿಲ್ಕ್ ಸೆರಗಾದರೆ ಹಾಗಂತಲೇ ಬರೆಯಿರಿ. ಬೆಲೆ ಯಾಕೆ ಕಡಿಮೆ ಅಂತ ಗಿರಾಕಿಗೆ ಅರ್ಥವಾಗುತ್ತದೆ, 9,000ದ ಸೀರೆಗೆ ಯಾಕೆ ಅಷ್ಟು ಅಂತಲೂ ಅರ್ಥವಾಗುತ್ತದೆ.

ಮಗ್ಗದಮನೆ

ಎಲ್ಲ ಬರೆದುಕೊಂಡೆ. ಖಾತೆಯ ಒತ್ತಾಯ ತೆಗೆಸಿದ್ದಾಯಿತು, ಡೆಲಿವರಿ ಶುಲ್ಕ ಬೆಲೆಗೆ ಸೇರಿತು. ರೀಲ್ಸ್ ಪುಟ ಈ ವಾರ ಬರುತ್ತದೆ. ಸವಿತಕ್ಕ ಕೇಳಿದ ಪ್ರಶ್ನೆಗಳನ್ನೇ ಪ್ರತಿ ಸೀರೆಯ ಕೆಳಗೆ ಹಾಕಿ ಉತ್ತರ ಬರೆಯುತ್ತಿದ್ದೇನೆ. ಸೆರಗಿನ ವಿವರ ಮಾವನವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಒಂದೇ ಅನುಮಾನ. ಈಗ ಸೈಟಿನಲ್ಲಿ "ರಿಟರ್ನ್ ಇಲ್ಲ" ಅಂತ ಇದೆ. ತೆಗೆದರೆ ಉಟ್ಟು ವಾಪಸ್ ಕಳಿಸುತ್ತಾರೆ ಅಂತ ಮನೆಯಲ್ಲಿ ಹೆದರಿಕೆ.

ಗ್ರಾಹಕ ಕಟ್ಟೆ

ಪೂರ್ತಿ "ರಿಟರ್ನ್ ಇಲ್ಲ" ಅನ್ನುವ ಹಾಗಿಲ್ಲ. ವಸ್ತುವಿನಲ್ಲಿ ದೋಷ ಇದ್ದರೆ, ವಿವರಿಸಿದ್ದಕ್ಕೆ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳಲೇಬೇಕು ಅಂತ ಅದೇ ಇ-ಕಾಮರ್ಸ್ ನಿಯಮ ಹೇಳುತ್ತದೆ. ಮನಸ್ಸು ಬದಲಾದವರಿಗೆ ಕೊಡಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು. ಕೊಡಿ ಅಂತ ನನ್ನ ಸಲಹೆ, ಮಿತಿ ಹಾಕಿ ಕೊಡಿ.

ಧಾರವಾಡದ ಸವಿತಕ್ಕ

ನಾನಾದರೆ ಹೀಗೆ ಬರೆದಿದ್ದರೆ ಧೈರ್ಯವಾಗಿ ಕೊಳ್ಳುತ್ತೇನೆ: "ಸೀರೆ ಕೈಸೇರಿದ ಏಳು ದಿನದೊಳಗೆ ವಾಪಸ್ ಕಳಿಸಬಹುದು. ಒಗೆದಿರಬಾರದು, ಫಾಲ್ ಹಚ್ಚಿಸಿರಬಾರದು, ಮಡಿಕೆಯ ಮೇಲಿನ ಚೀಟಿ ಹಾಗೇ ಇರಬೇಕು. ಹರಿದಿದ್ದರೆ, ಕಲೆ ಇದ್ದರೆ ಕಳಿಸುವ ಖರ್ಚು ನಮ್ಮದು. ಮನಸ್ಸಿಗೆ ಬರಲಿಲ್ಲ ಅಂದರೆ ಖರ್ಚು ನಿಮ್ಮದು. ಕೈಮಗ್ಗದ ಸೀರೆಯಲ್ಲಿ ಅಲ್ಲಲ್ಲಿ ಸಣ್ಣ ಗಂಟು, ಎಳೆಯ ಏರಿಳಿತ ಇರುತ್ತದೆ, ಅದು ದೋಷವಲ್ಲ." ಇದನ್ನು ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಬೇಡಿ. ಬೆಲೆಯ ಕೆಳಗೇ ಇರಲಿ, ಗಂಟು ಕಾಣುವ ಒಂದು ಫೋಟೊ ಸಮೇತ.